ಹಿರಿಯರ ಮನೆಯ ಹಳೆಯ ಸಾಮಾನು ಮತ್ತು ಆನ್‌ಲೈನ್ ಹರಾಜು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ತಾಯಿ ಇತ್ತೀಚೆಗೆ ತೀರಿಕೊಂಡರು, ತಂದೆಯವರು ಅದಕ್ಕೂ ಮೊದಲೇ ಇಲ್ಲವಾಗಿದ್ದರು. ತೀರ್ಥಹಳ್ಳಿ ಸಮೀಪದ ಮನೆಯನ್ನು ಮಾರಲು ನಾವು ಮೂವರು ಮಕ್ಕಳು ತೀರ್ಮಾನಿಸಿದ್ದೇವೆ. ನಾನು ಬೆಂಗಳೂರಿನಲ್ಲಿ, ಅಕ್ಕ ಹುಬ್ಬಳ್ಳಿಯಲ್ಲಿ, ತಮ್ಮ ಅಮೆರಿಕದಲ್ಲಿ ಇದ್ದೇವೆ. ಮನೆಯಲ್ಲಿ ಹಿತ್ತಾಳೆ ಮತ್ತು ತಾಮ್ರದ ಹಂಡೆ, ಕೊಪ್ಪರಿಗೆ, ಕಾಲುದೀಪಗಳು, ಒಂದು ಡಬ್ಬಿ ಬೆಳ್ಳಿ ರೂಪಾಯಿಗಳು, ರವಿವರ್ಮನ ಲಕ್ಷ್ಮಿಯ ಪಟ, ಬಿಳಿಯ ಕುಸುರಿ ಕೂರಿಸಿದ ಬೀಟೆ ಮರದ ಮೇಜು, ಕೊಂಬಿನ ಗ್ರಾಮಫೋನು, ತಂದೆಯವರ ಎಚ್‌ಎಂಟಿ ಗಡಿಯಾರಗಳು, ಗೋಡೆಯ ಮೇಲೆ ಒಂದು ಜೊತೆ ಕಡವೆ ಕೊಂಬು ಮತ್ತು ಕೆಲವು ತಾಳೆಗರಿ ಕಟ್ಟುಗಳಿವೆ. ಊರಿನ ಗುಜರಿ ವ್ಯಾಪಾರಿಯೊಬ್ಬರು ಎಲ್ಲವನ್ನೂ ಸೇರಿಸಿ ಒಂದೇ ಮೊತ್ತಕ್ಕೆ ಕೇಳುತ್ತಿದ್ದಾರೆ. ಎಲ್ಲವನ್ನೂ ವಿದೇಶಿ ಹರಾಜು ತಾಣಕ್ಕೆ ಹಾಕಿದರೆ ಹತ್ತು ಪಟ್ಟು ಬರುತ್ತದೆ ಎಂದು ತಮ್ಮ ಹೇಳುತ್ತಾನೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಒಟ್ಟು ಮೊತ್ತದ ವ್ಯಾಪಾರದಲ್ಲಿ ಬೆಲೆಬಾಳುವ ಎರಡು ಮೂರು ವಸ್ತುಗಳು ಹಿತ್ತಾಳೆಯ ತೂಕದೊಳಗೆ ಮುಚ್ಚಿಹೋಗುತ್ತವೆ. ವ್ಯಾಪಾರಿಯ ಲಾಭ ಇರುವುದೇ ಅಲ್ಲಿ, ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ತಮ್ಮನವರ ಸಲಹೆಯಂತೆ ಎಲ್ಲವನ್ನೂ ವಿದೇಶಿ ತಾಣಕ್ಕೆ ಏರಿಸಿದರೆ ಹಣಕ್ಕಿಂತ ಮೊದಲು ಕಾನೂನಿನ ತೊಂದರೆ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಹರಾಜಿಗೆ ನಿಜವಾಗಿ ತಕ್ಕವು ನಾಣ್ಯಗಳು ಮತ್ತು ಪಟ, ಅವೂ ಪರೀಕ್ಷೆಯಾದ ಮೇಲೆ. ಕಡವೆ ಕೊಂಬನ್ನು ಮಾರುವಂತೆಯೇ ಇಲ್ಲ. ಮೇಜಿನ ವಿಷಯ ಆ ಬಿಳಿಯ ಕುಸುರಿ ಯಾವುದರದ್ದು ಎಂಬುದರ ಮೇಲೆ ನಿಂತಿದೆ. ತಾಳೆಗರಿಯನ್ನು ಮಾರಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಉಳಿದದ್ದು ಬಹುಪಾಲು ಊರಿನಲ್ಲೋ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ನೇರವಾಗಿ ಮಾರುವಂಥದ್ದು.

ವಸ್ತುಗಳಿಗೆ ಕೈ ಹಾಕುವ ಮುನ್ನ ಮೂವರ ನಡುವಿನ ಹಕ್ಕಿನ ವಿಷಯ ಇತ್ಯರ್ಥವಾಗಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, ತಾಯಿಯವರು ಉಯಿಲು ಬರೆಯದೆ ತೀರಿಕೊಂಡಿದ್ದಲ್ಲಿ ಅವರ ಚರಾಸ್ತಿಯಲ್ಲಿ ಮೂವರು ಮಕ್ಕಳಿಗೂ ಸಮಪಾಲಿದೆ. ಮದುವೆಯಾಗಿ ಹೋದ ಅಕ್ಕನಿಗೆ ಹಂಡೆಯಲ್ಲಿ ಪಾಲಿಲ್ಲ ಎಂಬ ಹಳೆಯ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಹರಾಜು ಸಂಸ್ಥೆಗಳು ವಸ್ತು ಒಪ್ಪಿಸುವವರಿಂದ ‘ಇದು ನನ್ನದೇ, ಮಾರುವ ಹಕ್ಕು ನನಗಿದೆ’ ಎಂಬ ಲಿಖಿತ ಘೋಷಣೆ ಪಡೆಯುತ್ತವೆ. ಅದಕ್ಕೆ ಸಹಿ ಹಾಕುವವರು ನೀವಾದ್ದರಿಂದ ಪ್ರತಿ ವಸ್ತುವಿನ ಫೋಟೊ ಇರುವ ಪಟ್ಟಿಯೊಂದನ್ನು ಮಾಡಿ, ಯಾರು ಯಾವುದನ್ನು ಇಟ್ಟುಕೊಳ್ಳುತ್ತಾರೆ, ಯಾವುದನ್ನು ಮಾರಲು ಒಪ್ಪಿದ್ದಾರೆ, ಬಂದ ಹಣ ಹೇಗೆ ಹಂಚಿಕೆಯಾಗುತ್ತದೆ ಎಂದು ಬರೆದು ಮೂವರೂ ಸಹಿ ಮಾಡಿಕೊಳ್ಳಿ. ತಮ್ಮ ಅಮೆರಿಕದಿಂದ ಇಮೇಲಿನಲ್ಲಿ ಒಪ್ಪಿಗೆ ಕಳುಹಿಸಿದರೂ ಒಂದು ದಾಖಲೆಯಾಗುತ್ತದೆ. ಒಡಹುಟ್ಟಿದವರ ನಡುವೆ ಕಾಗದವೇಕೆ ಎಂದು ಅನ್ನಿಸಬಹುದು. ಕಾಲುದೀಪವೊಂದು ಎಣಿಸಿದ್ದಕ್ಕಿಂತ ಮೂರು ಪಟ್ಟು ಬೆಲೆಗೆ ಹೋದ ದಿನ ಆ ಕಾಗದದ ಉಪಯೋಗ ತಿಳಿಯುತ್ತದೆ.

ಈಗ ಮಾರಬಾರದ ವಸ್ತುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಡವೆ ಕೊಂಬು, ಹುಲಿಯುಗುರು, ಚಿರತೆ ಚರ್ಮ, ಆನೆದಂತ ಇವುಗಳ ಮಾರಾಟ ನಿಷಿದ್ಧ. ಅಜ್ಜನ ಕಾಲದ ಬೇಟೆಯದ್ದು, ಕಾಡಿನಲ್ಲಿ ತಾನಾಗಿ ಉದುರಿ ಬಿದ್ದಿದ್ದು ಎಂಬ ಸಮಜಾಯಿಷಿಯಿಂದ ಮಾರಾಟಕ್ಕೆ ದಾರಿ ತೆರೆಯುವುದಿಲ್ಲ. ಇಂಥ ವಸ್ತು ಉತ್ತರಾಧಿಕಾರದಿಂದ ಬಂದರೆ ತೊಂಬತ್ತು ದಿನಗಳೊಳಗೆ ಮುಖ್ಯ ವನ್ಯಜೀವಿ ವಾರ್ಡನ್‌ಗೆ ಘೋಷಣೆ ಸಲ್ಲಿಸಬೇಕೆಂದು ಕಾಯ್ದೆಯ 40ನೇ ಕಲಂ ಹೇಳುತ್ತದೆ. ಹಿರಿಯರ ಹೆಸರಿನಲ್ಲಿ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಎಂದು ಹಳೆಯ ಪೆಟ್ಟಿಗೆಗಳಲ್ಲಿ ಮೊದಲು ಹುಡುಕಿ. ಇಲ್ಲದಿದ್ದರೆ ವಕೀಲರೊಬ್ಬರ ಸಲಹೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸುವುದೇ ನೆಮ್ಮದಿಯ ದಾರಿ. 2022ರ ತಿದ್ದುಪಡಿ ಸ್ವಯಂಪ್ರೇರಿತವಾಗಿ ಒಪ್ಪಿಸಲು ಅವಕಾಶ ಕೊಟ್ಟಿದೆ, ಪರಿಹಾರವೇನೂ ಸಿಗುವುದಿಲ್ಲ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪದಕಗಳ ಸುತ್ತ ಎದ್ದ ಗಲಾಟೆಯನ್ನು ನೀವು ಮರೆತಿರಲಾರಿರಿ. ಕೊಂಬಿನ ಫೋಟೊವನ್ನು ಮಾರಾಟಕ್ಕೆಂದು ಯಾವುದಾದರೂ ತಾಣಕ್ಕೆ ಅಥವಾ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ನಿಮ್ಮ ವಿರುದ್ಧದ ಸಾಕ್ಷ್ಯವನ್ನು ನೀವೇ ಸಿದ್ಧಪಡಿಸಿಕೊಟ್ಟಂತೆ.

ಬೀಟೆ ಮೇಜಿನ ಸಂಗತಿ ಇದಕ್ಕೇ ಸೇರಿಕೊಂಡಿದೆ. ಮೈಸೂರಿನ ಕುಸುರಿ ಕೆಲಸದವರು ಬೀಟೆಯಲ್ಲಿ ಹಿಂದೆ ಆನೆದಂತವನ್ನು ಕೂರಿಸುತ್ತಿದ್ದರು. ದಂತದ ವ್ಯಾಪಾರ ನಿಂತ ಮೇಲೆ ಪ್ಲಾಸ್ಟಿಕ್ಕು, ಬಿಳಿಯ ಮರ ಮುಂತಾದವು ಬಂದವು. ದಪ್ಪ ದಂತವನ್ನು ಅಡ್ಡಕ್ಕೆ ಕುಯ್ದಾಗ ಒಂದನ್ನೊಂದು ದಾಟುವ ಬಾಗಿದ ಗೆರೆಗಳು ಕಾಣುತ್ತವೆ, ಆದರೆ ತೆಳು ಕುಸುರಿಯಲ್ಲಿ ಅದನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅದರಿಂದ ವಸ್ತು ಕೆಡುತ್ತದೆ, ಉತ್ತರವೂ ಖಚಿತವಾಗುವುದಿಲ್ಲ. ದಂತವೆಂದು ಅನುಭವಿಗಳು ಹೇಳಿದರೆ ಮೇಜು ಹರಾಜಿನಿಂದ ಹೊರಗೆ, ಕಡವೆ ಕೊಂಬಿಗೆ ಹೇಳಿದ್ದೇ ಅದಕ್ಕೂ. ಅಲ್ಲವೆಂದಾದರೆ ದೇಶದೊಳಗೆ ಪೀಠೋಪಕರಣವಾಗಿ ಮಾರಬಹುದು. ವಿದೇಶಕ್ಕೆ ಕಳುಹಿಸಲು ಮಾತ್ರ ಬೀಟೆಯೇ ಒಂದು ತೊಡಕು: ಆ ಜಾತಿಯ ಮರಗಳೆಲ್ಲ 2017ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಮೇಜಿನಷ್ಟು ಭಾರದ ವಸ್ತುವಿಗೆ ದಾಖಲೆ ಬೇಕೇ ಬೇಕು.

ತಮ್ಮನವರ ಯೋಜನೆಗೆ ದೊಡ್ಡ ಅಡ್ಡಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ; ಅದು 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತುಗಳು ಅದರ ಪ್ರಕಾರ ಪುರಾವಸ್ತುಗಳು. ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಖಾಸಗಿ ವ್ಯಕ್ತಿ ಇವುಗಳನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. 1911ರ ಒಂದು ಬೆಳ್ಳಿ ರೂಪಾಯಿಯನ್ನು ಲಕೋಟೆಯಲ್ಲಿ ನ್ಯೂಜೆರ್ಸಿಗೆ ಕಳುಹಿಸಿದರೂ ಅದು ಈ ನಿಷೇಧದೊಳಗೇ ಬರುತ್ತದೆ. ನೂರು ವರ್ಷ ತುಂಬದ, ಆದರೆ ನೋಡಲು ಹಳೆಯದಾಗಿರುವ ವಸ್ತುವನ್ನು ಕಳುಹಿಸಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರ ಸಮಿತಿಯಿಂದ ‘ಇದು ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ. ಬೆಂಗಳೂರಿನಲ್ಲೂ ಇಲಾಖೆಯ ವೃತ್ತ ಕಚೇರಿಯಿದೆ. ದೇಶದೊಳಗಿನ ಮಾರಾಟಕ್ಕೆ ಇಷ್ಟು ಬಿಗಿಯಿಲ್ಲ. ಪುರಾವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಬೇಕು. ಮನೆಯ ಒಂದೆರಡು ವಸ್ತು ಮಾರುವ ನೀವು ವ್ಯಾಪಾರಿಯಲ್ಲ. ಆದರೆ ಕಲ್ಲು, ಲೋಹ, ಸುಟ್ಟಮಣ್ಣು, ದಂತ, ಮರದ ಶಿಲ್ಪಗಳು, ವರ್ಣಚಿತ್ರಗಳು ಮತ್ತು ಸಚಿತ್ರ ಹಸ್ತಪ್ರತಿಗಳು ನೂರರ ಗಡಿ ದಾಟಿದ್ದರೆ ನೋಂದಣಿ ಕಡ್ಡಾಯ, ಕೈ ಬದಲಾದಾಗ ನೋಂದಣಾಧಿಕಾರಿಗೆ ತಿಳಿಸಬೇಕು. ದೇವರಕೋಣೆಯಲ್ಲಿ ಪಂಚಲೋಹದ ಹಳೆಯ ವಿಗ್ರಹವಿದ್ದರೆ ಈ ಮಾತು ಅದಕ್ಕೆ ನೇರವಾಗಿ ಅನ್ವಯಿಸುತ್ತದೆ. ಅದು ಯಾವ ದೇವಾಲಯದ್ದೂ ಅಲ್ಲ, ಮನೆಯದೇ ಎಂದು ತೋರಿಸಲು ಹಳೆಯ ಫೋಟೊ, ಪಾಲುಪಟ್ಟಿ ಯಾವುದಿದ್ದರೂ ತೆಗೆದಿಡಿ.

ತಾಳೆಗರಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಲೆನಾಡಿನ ಮನೆಗಳ ಅಟ್ಟದಲ್ಲಿ ಸಿಗುವ ಕಟ್ಟುಗಳಲ್ಲಿ ವೈದ್ಯ, ಜ್ಯೋತಿಷ, ಪುರಾಣ, ಕೆಲವೊಮ್ಮೆ ಕಡತದ ಲೆಕ್ಕಗಳು ಇರುತ್ತವೆ. ಹರಾಜಿನಲ್ಲಿ ಅವುಗಳನ್ನು ಕೊಳ್ಳುವವರಲ್ಲಿ ಅಲಂಕಾರಕ್ಕಾಗಿ ಬಿಡಿ ಗರಿಗಳನ್ನು ಚೌಕಟ್ಟು ಹಾಕಿಸುವವರೂ ಇದ್ದಾರೆ. ಹಾಗೆ ಬಿಡಿಯಾದ ಕೃತಿ ಮತ್ತೆ ಒಂದಾಗುವುದಿಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ದೊರೆತದ್ದು ಅಲ್ಲಿಗೆ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಪ್ರತಿಯಿಂದ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ನಿಮ್ಮ ಕಟ್ಟಿನಲ್ಲಿ ಅಂಥದ್ದಿದೆ ಎಂದು ನಾನು ಆಸೆ ಹುಟ್ಟಿಸುತ್ತಿಲ್ಲ. ಓದಬಲ್ಲವರು ಒಮ್ಮೆ ನೋಡುವವರೆಗೆ ಅದು ಏನೆಂದು ಯಾರಿಗೂ ಗೊತ್ತಾಗದು, ಅಷ್ಟೇ. ಗರಿಗಳಿಗೆ ಎಣ್ಣೆ ಹಚ್ಚಬೇಡಿ, ದಾರ ಬಿಚ್ಚಿ ಕ್ರಮ ತಪ್ಪಿಸಬೇಡಿ, ಒಣ ಬಟ್ಟೆಯಲ್ಲಿ ಸುತ್ತಿ ಅಂಥ ಸಂಸ್ಥೆಗೆ ತೋರಿಸಿ.

ನಾಣ್ಯಗಳಿಗೆ ಬರೋಣ, ಹಣದ ದೃಷ್ಟಿಯಿಂದ ನಿಮ್ಮ ಮನೆಯ ಮುಖ್ಯ ಆಸ್ತಿ ಅದೇ ಇರಬಹುದು. ಮೊದಲ ಮಾತು, ತೊಳೆಯಬೇಡಿ. ಹುಣಸೆಹಣ್ಣು, ಹಲ್ಲುಪುಡಿ, ಬೂದಿ, ಅಂಗಡಿಯ ಪಾಲಿಶ್ ಯಾವುದೂ ಬೇಡ. ಬೆಳ್ಳಿಯ ಮೇಲೆ ಕಾಲದಿಂದ ಕೂತ ಕಪ್ಪು ಮಿಶ್ರಿತ ಬಣ್ಣವೇ ಸಂಗ್ರಾಹಕರಿಗೆ ಬೇಕಾದದ್ದು. ಉಜ್ಜಿದ ನಾಣ್ಯದ ಮೇಲೆ ಬೀಳುವ ಕೂದಲೆಳೆಯಂಥ ಗೀರುಗಳನ್ನು ಅವರು ಒಂದೇ ನೋಟದಲ್ಲಿ ಹಿಡಿಯುತ್ತಾರೆ, ಬೆಲೆ ಅಲ್ಲೇ ಕುಸಿಯುತ್ತದೆ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಅಂಚಿನಲ್ಲಿ ಹಿಡಿದು, ರಾಜನ ಅಥವಾ ರಾಣಿಯ ಚಿತ್ರ ಮತ್ತು ಇಸವಿಯ ಪ್ರಕಾರ ವಿಂಗಡಿಸಿ, ಪ್ರತಿಯೊಂದನ್ನೂ ಗ್ರಾಮಿನ ಎರಡನೇ ದಶಮಾಂಶದವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿಯ ಅಂಶ ಶೇ 91.7. ಅಂದರೆ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿ ಪೂರ್ತಿ ನಿಕ್ಕಲ್. ಇಸವಿ ನೋಡದೆ ಎಲ್ಲವನ್ನೂ ಒಂದೇ ದರಕ್ಕೆ ಕೇಳುವವರಿಗೆ ಕೊಡಬಾರದು ಎನ್ನುವುದು ಇದಕ್ಕೇ. ಡಬ್ಬಿಯಲ್ಲಿರುವ ಹೆಚ್ಚಿನ ನಾಣ್ಯಗಳು ಸಾಮಾನ್ಯ ಇಸವಿಯವೇ ಆಗಿ, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ನಿಲ್ಲುತ್ತವೆ. ಪ್ರತ್ಯೇಕವಾಗಿ ತೆಗೆದಿಡಬೇಕಾದವು ಕೆಲವೇ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಂಡಾಗಿ, ಅದು ಹಂದಿಯಂತೆ ಕಾಣುತ್ತದೆ ಎಂದು ಜನ ಸಿಟ್ಟಿಗೆದ್ದು ಸರ್ಕಾರ ನಾಣ್ಯವನ್ನು ಹಿಂಪಡೆದು ಮುಂದಿನ ವರ್ಷ ಚಿತ್ರ ತಿದ್ದಿತು; ಹಾಗಾಗಿ ಆ ಇಸವಿಗೆ ಬೇಡಿಕೆಯಿದೆ. 1939ರ ಬೆಳ್ಳಿ ರೂಪಾಯಿ ನಿಜಕ್ಕೂ ವಿರಳ, ಆ ಕಾರಣಕ್ಕೇ ಅದರ ನಕಲಿಗಳೂ ಬಹಳ. ನಿಮ್ಮಲ್ಲಿ ಕಂಡರೆ ಸಂತೋಷಪಡುವ ಮೊದಲು ಪರೀಕ್ಷೆ ಮಾಡಿಸಿ. 1862 ಎಂದು ಅಚ್ಚಾದ ವಿಕ್ಟೋರಿಯಾ ರೂಪಾಯಿಗಳನ್ನು ಅದೇ ಇಸವಿಯಲ್ಲಿ ಹಲವು ವರ್ಷ ಟಂಕಿಸಿದ್ದರಿಂದ, ಹಿಂಬದಿಯ ಚುಕ್ಕಿಗಳ ಸಂಖ್ಯೆ ಮತ್ತು ಸ್ಥಾನ ನೋಡಿ ಬೆಲೆ ಕಟ್ಟುತ್ತಾರೆ. ಇಷ್ಟು ಸಣ್ಣ ಚುಕ್ಕಿಯೂ ಲೆಕ್ಕಕ್ಕೆ ಬರುತ್ತದೆ ಎಂದಮೇಲೆ, ಉಜ್ಜಬೇಡಿ ಎಂದು ನಾನು ಒತ್ತಿ ಹೇಳಿದ್ದೇಕೆ ಎಂದು ತಿಳಿಯುತ್ತದೆ.

ಇದೇ ಡಬ್ಬಿಯಲ್ಲಿ ರಾಮ, ಲಕ್ಷ್ಮಣ, ಹನುಮಂತನ ಚಿತ್ರವಿರುವ ‘1818ರ ಈಸ್ಟ್ ಇಂಡಿಯಾ ಕಂಪನಿ’ ತಾಮ್ರದ ಬಿಲ್ಲೆ ಸಿಕ್ಕರೆ ಅದನ್ನು ಕೋಟಿಗೆ ಕೊಳ್ಳುವವರಿದ್ದಾರೆ ಎಂಬ ಮಾತನ್ನು ನಂಬಬೇಡಿ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ, ಅದು ಮುಂದೆ ಯಾರೋ ಮಾಡಿ ಮಾರಿದ ದೇವಸ್ಥಾನದ ಬಿಲ್ಲೆ. ಹಳೆಯ ನೋಟು ನಾಣ್ಯಗಳನ್ನು ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಮತ್ತು ಲಾಂಛನ ಬಳಸಿ ‘ಕಮಿಷನ್’, ‘ತೆರಿಗೆ’ ಎಂದು ಮುಂಗಡ ಕೀಳುವವರ ಬಗ್ಗೆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಹೊರಡಿಸಿದೆ. ಅದು ಇಂಥ ವ್ಯವಹಾರ ಮಾಡುವುದಿಲ್ಲ. ಮಾರುವವರಿಂದಲೇ ಮುಂಚಿತವಾಗಿ ಹಣ ಕೇಳಿದರೆ ಮಾತು ಅಲ್ಲಿಗೆ ನಿಲ್ಲಿಸಿ. ತಾಮ್ರದ ಚೊಂಬು ಅಕ್ಕಿಕಾಳನ್ನು ಸೆಳೆಯುತ್ತದೆ ಎಂಬ ‘ರೈಸ್ ಪುಲ್ಲಿಂಗ್’ ದಂಧೆಯವರು, ಹಳೆಯ ರೇಡಿಯೊ ಟಿವಿಗಳಲ್ಲಿ ಕೆಂಪು ಪಾದರಸ ಹುಡುಕುವವರು ಇದೇ ಗುಂಪಿಗೆ ಸೇರಿದವರು. ಮನೆ ಖಾಲಿ ಮಾಡುತ್ತಿದ್ದಾರೆ ಎಂಬ ಸುದ್ದಿ ಇವರಿಗೆ ಹೇಗೋ ಮುಟ್ಟುತ್ತದೆ.

ರವಿವರ್ಮನ ಪಟದ ಬಗ್ಗೆ ಸ್ವಲ್ಪ ನಿರಾಸೆಯ ಮಾತು ಹೇಳಬೇಕಾಗಿದೆ. ಮನೆಗಳಲ್ಲಿರುವ ಲಕ್ಷ್ಮಿ, ಸರಸ್ವತಿಯರು ಹೆಚ್ಚಾಗಿ ಕೈಯಿಂದ ಬರೆದವಲ್ಲ, ಕಲ್ಲಚ್ಚಿನಲ್ಲಿ ಮುದ್ರಿಸಿದವು. ರವಿವರ್ಮ 1894ರಲ್ಲಿ ಮುಂಬೈಯ ಗಿರಗಾಂವಿನಲ್ಲಿ ಮುದ್ರಣಾಲಯ ಶುರುಮಾಡಿದರು, ಅದು ಮುಂದೆ ಲೋನಾವಳದ ಸಮೀಪದ ಮಳವಳಿಗೆ ಹೋಯಿತು, ಆಮೇಲೆ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞರ ಕೈಸೇರಿತು. ಅಲ್ಲಿಂದ ದಶಕಗಳವರೆಗೆ ಅದೇ ಚಿತ್ರಗಳು ಅಚ್ಚಾಗುತ್ತಲೇ ಹೋದವು, ಬೇರೆ ಮುದ್ರಣಾಲಯಗಳ ನಕಲುಗಳು ಬೇರೆ. ಭೂತಗನ್ನಡಿಯಲ್ಲಿ ಲಕ್ಷ್ಮಿಯ ಕೆನ್ನೆಯ ಭಾಗವನ್ನು ನೋಡಿ. ಬಣ್ಣಬಣ್ಣದ ಸಣ್ಣ ಕಾಳುಗಳು ಒಂದರ ಪಕ್ಕ ಒಂದು ಕಂಡರೆ ಅದು ಮುದ್ರಣ. ಕಾಳುಗಳು ಸಾಲಾಗಿ ಸಮ ಅಂತರದಲ್ಲಿದ್ದರೆ ಇತ್ತೀಚಿನ ಆಫ್‌ಸೆಟ್ ಪ್ರತಿ, ಸಾಲು ತಪ್ಪಿ ಚೆಲ್ಲಿದಂತಿದ್ದರೆ ಹಳೆಯ ಕಲ್ಲಚ್ಚಿನ ಸಂಭವ ಹೆಚ್ಚು. ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರಿದೆಯೇ ನೋಡಿ. ಚೌಕಟ್ಟಿಗೆ ಹೊಂದಿಸಲು ಆ ಅಂಚನ್ನು ಕತ್ತರಿಸಿದ್ದರೆ ಬೆಲೆ ಇಳಿಯುತ್ತದೆ. ಸೀರೆಗೆ ಜರಿ, ಚಮಕಿ ಅಂಟಿಸಿ ಮನೆಯ ಹೆಂಗಸರು ಅಲಂಕರಿಸಿದ ಪಟಗಳಿಗೆ ಬೇರೆಯದೇ ಬೇಡಿಕೆ ಇದೆ, ಅದನ್ನು ಕೀಳಬೇಡಿ. ಗಾಜು ಬಿಚ್ಚಬೇಡಿ, ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಸುಲಿದು ಬರುತ್ತದೆ. ಒಂದು ವೇಳೆ ಅದು ಮೂಲ ತೈಲಚಿತ್ರವೇ ಆಗಿದ್ದರೆ, ರವಿವರ್ಮ ಕಲಾನಿಧಿ ಎಂದು ಘೋಷಿತರಾದ ಕಲಾವಿದರಲ್ಲೊಬ್ಬರಾದ್ದರಿಂದ ಅದು ದೇಶ ಬಿಡುವಂತಿಲ್ಲ, ದೊಡ್ಡ ಹರಾಜು ಸಂಸ್ಥೆಗಳನ್ನಷ್ಟೇ ಸಂಪರ್ಕಿಸಿ. ಆ ಸಂಭವ ಕಡಿಮೆ.

ಗ್ರಾಮಫೋನನ್ನು ಅನುಮಾನದಿಂದಲೇ ನೋಡಬೇಕು. ಹೊಳೆಯುವ ಹಿತ್ತಾಳೆ ಕೊಂಬು, ಹೊಸದಾಗಿ ಕಾಣುವ ಎಂಟು ಮೂಲೆಯ ಪೆಟ್ಟಿಗೆ, ಮೇಲೆ ನಾಯಿಯ ಚಿತ್ರದ ತಗಡು ಇವು ಮೂರೂ ಸೇರಿದ್ದರೆ ಸಾಮಾನ್ಯವಾಗಿ ಅದು ಹಳೆಯ ಯಂತ್ರಭಾಗಗಳನ್ನು ಕೂಡಿಸಿ ಇತ್ತೀಚೆಗೆ ಕಟ್ಟಿದ್ದು. ನಿಮ್ಮ ಮನೆಯಲ್ಲಿ ಅದು ಎಷ್ಟು ಕಾಲದಿಂದ ಇತ್ತು ಎಂಬುದು ಅಕ್ಕನಿಗೆ ನೆನಪಿರಬಹುದು. ಪಕ್ಕದಲ್ಲಿ ಹಾಡಿನ ತಟ್ಟೆಗಳಿದ್ದರೆ ಅವುಗಳ ಪಟ್ಟಿ ಮಾಡಿ. ಹಳೆಯ ಕನ್ನಡ ರಂಗಗೀತೆಗಳ 78 ಆರ್‌ಪಿಎಂ ತಟ್ಟೆಗಳನ್ನು ಹುಡುಕುವವರಿದ್ದಾರೆ, ಕೆಲವೊಮ್ಮೆ ಯಂತ್ರಕ್ಕಿಂತ ಹೆಚ್ಚು ಆಸೆಯಿಂದ.

ಎಚ್‌ಎಂಟಿ ಗಡಿಯಾರಗಳಿಗೆ ಇಂದು ಒಳ್ಳೆಯ ಸಂಗ್ರಾಹಕ ಬಳಗವಿದೆ. ಬೆಂಗಳೂರಿನ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾಯಿತು. ಗಡಿಯಾರ ಘಟಕಗಳನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು, ಆಮೇಲೆ ಬೇಡಿಕೆ ಏರಿತು. ಬೇಡಿಕೆ ಏರಿದಂತೆ ಪೈಲಟ್, ಜನತಾ ಮಾದರಿಗಳಿಗೆ ಬಣ್ಣಬಣ್ಣದ ಹೊಸ ಮುಖಫಲಕ ಕೂರಿಸಿ ಹಳೆಯದೆಂದು ಮಾರುವುದೂ ವಿಪರೀತವಾಯಿತು. ಆದ್ದರಿಂದ ತಂದೆಯವರು ಕಟ್ಟಿಕೊಂಡಿದ್ದ, ಮಾಸಿದ ಫಲಕದ, ಗೀರು ಬಿದ್ದ ಗಾಜಿನ ಗಡಿಯಾರವನ್ನು ರಿಪೇರಿ ಮಾಡಿಸಿ ಹೊಳಪು ಕೊಡಿಸಿದರೆ ಅದರ ಮೇಲೆಯೂ ಅದೇ ಅನುಮಾನ ಬೀಳುತ್ತದೆ. ಇದ್ದ ಹಾಗೆಯೇ ಇಡಿ. ಹಿಂದಿನ ಮುಚ್ಚಳದ ಮೇಲಿನ ಸಂಖ್ಯೆಯ ಫೋಟೊ ತೆಗೆಯಿರಿ. ಖರೀದಿ ರಸೀದಿ, ಗ್ಯಾರಂಟಿ ಕಾರ್ಡು, ಡಬ್ಬಿ ಸಿಕ್ಕರೆ ಜೊತೆಗಿಡಿ. ಮಾರಬೇಕೇ ಎಂಬುದನ್ನು ಮಾತ್ರ ಮತ್ತೊಮ್ಮೆ ಯೋಚಿಸಿ. ಬರುವ ಹಣ ಸಾಧಾರಣದ್ದು, ಮೂವರೂ ಒಂದೊಂದು ಇಟ್ಟುಕೊಳ್ಳಬಹುದಲ್ಲವೇ.

ಹಂಡೆ, ಕೊಪ್ಪರಿಗೆ, ತಪ್ಪಲೆ, ಸೇರು ಪಾವುಗಳನ್ನು ಹರಾಜಿಗೆ ಕಳುಹಿಸುವುದು ಲಾಭವಲ್ಲ. ಭಾರದ ಪಾತ್ರೆಯ ಸಾಗಣೆ ವೆಚ್ಚ ಬೆಲೆಯನ್ನೇ ನುಂಗುತ್ತದೆ. ಇವುಗಳಿಗೆ ಗಿರಾಕಿಗಳು ಹೋಂಸ್ಟೇ, ರೆಸಾರ್ಟ್ ನಡೆಸುವವರು, ಮನೆಗಳ ಒಳಾಂಗಣ ವಿನ್ಯಾಸಕರು. ಗುಜರಿಯ ಕಿಲೊ ದರವನ್ನು ಮೊದಲು ಕೇಳಿ ತಿಳಿದುಕೊಂಡು, ಅದನ್ನು ಕನಿಷ್ಠವೆಂದು ಇಟ್ಟುಕೊಂಡು, ಇವರಿಗೆ ಬಿಡಿಬಿಡಿಯಾಗಿ ತೋರಿಸಿ. ಪಾತ್ರೆಯ ಕಂಠದ ಬಳಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಮತ್ತು ಇಸವಿಯನ್ನು ಓದಿ; ಮದುವೆಯ ಉಡುಗೊರೆಯೆಂದು ಬಂದ ಪಾತ್ರೆಗೆ ಕಾಲ ತಿಳಿಸುವ ದಾಖಲೆ ಅದೇ. ಕಂಚು ಮತ್ತು ಹಿತ್ತಾಳೆಯನ್ನು ಬೇರೆ ಮಾಡಿ, ಕಂಚಿಗೆ ಹೆಚ್ಚು ದರವಿದೆ. ಕಪ್ಪಗಿನ ಲೋಹದಲ್ಲಿ ಬೆಳ್ಳಿಯ ಬಳ್ಳಿಗಳಿರುವ ಹೂಜಿಯೋ ಪಾನದಾನವೋ ಎಲ್ಲಾದರೂ ಸಿಕ್ಕರೆ ಅದು ಬೀದರಿನ ಬಿದ್ರಿ ಕೆಲಸ, ಅದನ್ನು ಈ ರಾಶಿಯಿಂದ ತೆಗೆದು ಹರಾಜಿನ ಕಡೆಗೆ ಸೇರಿಸಿ. ಹುಣಸೆಹಣ್ಣಿನಿಂದ ಬೆಳಗಿದರೆ ಅದರ ಕಪ್ಪೇ ಹೋಗಿಬಿಡುತ್ತದೆ.

ಹರಾಜು ನಡೆಯುವ ಬಗೆ ಹೀಗಿದೆ. ಯಾರು ಬೇಕಾದರೂ ವಸ್ತು ಏರಿಸಿ ಬಿಡ್ ಕರೆಯಬಹುದಾಗಿದ್ದ ಇಬೇಯ ಭಾರತದ ತಾಣ 2018ರ ಆಗಸ್ಟಿನಲ್ಲಿ ಮುಚ್ಚಿತು. ಇಂದು ನಿಮ್ಮ ಮುಂದಿರುವ ದಾರಿಗಳು ಎರಡು: ವಸ್ತುವನ್ನು ಒಪ್ಪಿಸಿಕೊಂಡು ಕ್ಯಾಟಲಾಗ್ ಮಾಡಿ ಆನ್‌ಲೈನ್ ಬಿಡ್ ನಡೆಸುವ ಸಂಸ್ಥೆಗಳು, ಇಲ್ಲವೇ ಸಂಗ್ರಾಹಕರ ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳು. ನಾಣ್ಯಗಳಿಗೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ಚಿತ್ರ ಮತ್ತು ಕಲಾವಸ್ತುಗಳಿಗೆ ಮುಂಬೈಯ ಸ್ಯಾಫ್ರನ್‌ಆರ್ಟ್, ಅಸ್ತಗುರು ಮುಂತಾದವು ಹೆಸರಾದವು. ಗುಂಪುಗಳಲ್ಲಿ ಕಮಿಷನ್ ಇಲ್ಲ, ಆದರೆ ಹಣ ಬಾರದಿದ್ದರೆ ಕೇಳುವವರೂ ಇಲ್ಲ. ಜೊತೆಗೆ ಬೆಲೆ ಏರಿಸಲು ತಮ್ಮವರಿಂದಲೇ ಬಿಡ್ ಹಾಕಿಸುವ ಚಾಳಿ ಅಲ್ಲಿ ಕೆಲವರಿಗಿದೆ. ಹೊಸಬರಾದ ನೀವು ಸಾಮಾನ್ಯ ನಾಣ್ಯಗಳಿಗಷ್ಟೇ ಅದನ್ನು ಬಳಸಿ.

ಸಂಸ್ಥೆಗೆ ಬರೆಯುವಾಗ ವಸ್ತುವಿನ ಮುಂದೆ, ಹಿಂದೆ, ತಳ, ಗುರುತು, ಒಡಕು ಎಲ್ಲವೂ ಕಾಣುವಂತೆ, ಫ್ಲ್ಯಾಷ್ ಇಲ್ಲದೆ, ಬೆಳಗಿನ ಬೆಳಕಿನಲ್ಲಿ ಬಿಳಿಯ ಪಂಚೆಯ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇರಿಸಿ ತೆಗೆದ ಫೋಟೊಗಳನ್ನು ಕಳುಹಿಸಿ. ದೋಷವನ್ನು ಮರೆಮಾಚಿದ ವಸ್ತು ಮಾರಾಟವಾದ ಮೇಲೂ ವಾಪಸು ಬರುತ್ತದೆ. ಒಪ್ಪಂದದಲ್ಲಿ ಆರಂಭಿಕ ಬೆಲೆ, ಅದಕ್ಕಿಂತ ಕೆಳಗೆ ಮಾರಬಾರದೆಂಬ ಮೀಸಲು ಬೆಲೆ, ಮಾರುವವರ ಕಮಿಷನ್, ಮಾರಾಟವಾಗದಿದ್ದರೆ ಶುಲ್ಕ ಉಂಟೇ, ವಿಮೆ ಯಾರದು, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬ ಇಷ್ಟನ್ನೂ ಓದಿ. ಉದಾಹರಣೆಗೆ ಒಂದು ನಾಣ್ಯ 40,000 ರೂಪಾಯಿಗೆ ಹೋಗಿ, ಕಮಿಷನ್ ಶೇ 10 ಎಂದಿದ್ದರೆ 4,000 ರೂಪಾಯಿ ಮತ್ತು ಅದರ ಮೇಲೆ ಶೇ 18ರ ಜಿಎಸ್‌ಟಿ 720 ರೂಪಾಯಿ ಕಳೆದು ಕೈಗೆ 35,280 ರೂಪಾಯಿ ಬರುತ್ತದೆ. ಕೊಳ್ಳುವವರು ತಮ್ಮ ಪಾಲಿನ ಪ್ರೀಮಿಯಂ, ಅಂದರೆ ಸಂಸ್ಥೆಯ ಶುಲ್ಕ, ಬೇರೆ ಕೊಡುತ್ತಾರೆ. ಅಂದಾಜಿಗೆ ಜಾಹೀರಾತುಗಳಲ್ಲಿ ಕೇಳುವ ಬೆಲೆ ನೋಡಬೇಡಿ, ಹಿಂದಿನ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಸಂಸ್ಥೆಗಳ ತಾಣಗಳಲ್ಲೇ ನೋಡಿ. ವಿರಳ ನಾಣ್ಯವನ್ನು ಒಂಟಿಯಾಗಿ, ಸಾಮಾನ್ಯದವನ್ನು ಗುಂಪಾಗಿ ಕೊಡಿ. ಮೀಸಲು ಬೆಲೆಯನ್ನು ತೀರ ಎತ್ತರಕ್ಕೆ ಇಟ್ಟರೆ ವಸ್ತು ಮಾರಾಟವಾಗದೆ ಉಳಿದು, ಮುಂದಿನ ಹರಾಜಿನಲ್ಲಿ ಅದನ್ನು ನೋಡುವವರ ಉತ್ಸಾಹ ಕುಗ್ಗುತ್ತದೆ.

ನೇರವಾಗಿ ಮಾರುವಾಗ ಒಂದು ಎಚ್ಚರ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಥವಾ ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ; ಹಾಗೆ ಹೇಳುವವರು ನಿಮ್ಮ ಖಾತೆಯಿಂದ ಹಣ ಎಳೆಯುವವರು. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೆರಿಗೆಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಉತ್ತರಾಧಿಕಾರದಿಂದ ಬಂದದ್ದಕ್ಕೆ ನಮ್ಮಲ್ಲಿ ತೆರಿಗೆಯಿಲ್ಲ. ಮಾರಿದಾಗ ಬಂದ ಲಾಭದ ಪ್ರಶ್ನೆ ಬೇರೆ. ಸ್ವಂತ ಬಳಕೆಯ ಪಾತ್ರೆ, ಪೀಠೋಪಕರಣ, ಗಡಿಯಾರಗಳನ್ನು ಬಂಡವಾಳ ಆಸ್ತಿ, ಅಂದರೆ ಮಾರಿದ ಲಾಭಕ್ಕೆ ತೆರಿಗೆ ಬೀಳುವ ಆಸ್ತಿ, ಎಂದು ಎಣಿಸುವುದಿಲ್ಲ. ಆಭರಣ, ಚಿತ್ರ, ಶಿಲ್ಪ, ಕಲಾಕೃತಿ, ಪುರಾತತ್ವ ಸಂಗ್ರಹಗಳನ್ನು ಎಣಿಸುತ್ತಾರೆ. ನಾಣ್ಯಗಳನ್ನು ಪೂಜೆಗೆ ಇಡುತ್ತಿದ್ದೆವು, ಹಾಗಾಗಿ ಅವೂ ಸ್ವಂತ ಬಳಕೆಯವು ಎಂಬ ವಾದ ನಿಲ್ಲುವುದು ಕಷ್ಟ: ಲಕ್ಷ್ಮೀಪೂಜೆಗೆ ಇಡುತ್ತಿದ್ದ ಚಿನ್ನ ಬೆಳ್ಳಿ ನಾಣ್ಯಗಳ ಬಗ್ಗೆ ಮಾಜಿ ಅರಸರೊಬ್ಬರು ಇದೇ ವಾದ ಹೂಡಿದ್ದರು, ಸುಪ್ರೀಂ ಕೋರ್ಟ್ 1976ರಲ್ಲಿ ಒಪ್ಪಲಿಲ್ಲ. ಹಿರಿಯರು ಕೊಂಡ ಬೆಲೆಯೇ ನಿಮ್ಮ ಮೂಲ ಬೆಲೆ. 2001ರ ಏಪ್ರಿಲ್ 1ಕ್ಕೆ ಮೊದಲಿನದ್ದಾದರೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ತೆಗೆದುಕೊಳ್ಳಬಹುದು. ಹಿರಿಯರ ಬಳಿ ಇದ್ದ ಅವಧಿಯೂ ಸೇರುವುದರಿಂದ ಲಾಭ ದೀರ್ಘಾವಧಿಯದ್ದು, 2024ರ ಜುಲೈ 23ರಿಂದ ಆದ ಮಾರಾಟಗಳಿಗೆ ದರ ಶೇ 12.5. ನಾಣ್ಯಗಳ 2001ರ ಮೌಲ್ಯಕ್ಕೆ ಅಂಗೀಕೃತ ಮೌಲ್ಯಮಾಪಕರ ಪತ್ರವೊಂದನ್ನು ಮಾರಾಟಕ್ಕೆ ಮೊದಲೇ ಮಾಡಿಸಿಕೊಳ್ಳಿ, ಕೈ ಬಿಟ್ಟ ವಸ್ತುವಿಗೆ ಆಮೇಲೆ ಮೌಲ್ಯ ಕಟ್ಟಿಸುವುದು ಕಷ್ಟ. ತಮ್ಮ ಅನಿವಾಸಿಯಾದ್ದರಿಂದ ಅವರ ಪಾಲಿನ ಲೆಕ್ಕವನ್ನು ಲೆಕ್ಕಪರಿಶೋಧಕರ ಬಳಿ ಬೇರೆಯಾಗಿ ಕೇಳಿ.

ಮನೆ ಖಾಲಿ ಮಾಡಲು ಹೆಚ್ಚು ಸಮಯವಿಲ್ಲದಿದ್ದರೆ ನಾಣ್ಯಗಳ ಪಟ್ಟಿ ಮತ್ತು ಪಟದ ಫೋಟೊಗಳನ್ನು ಮೊದಲು ಕಳುಹಿಸಿ, ಏಕೆಂದರೆ ಕ್ಯಾಟಲಾಗ್ ಹರಾಜಿಗೆ ಬಹಳ ಮುಂಚೆಯೇ ಸಿದ್ಧವಾಗುತ್ತದೆ. ಕೊಂಬಿನ ಘೋಷಣೆಗೆ ತೊಂಬತ್ತು ದಿನಗಳ ಲೆಕ್ಕ ಈಗಾಗಲೇ ಓಡುತ್ತಿದೆ, ಆದ್ದರಿಂದ ವಕೀಲರನ್ನು ಇದೇ ವಾರ ಕಾಣಿ. ಗುಜರಿ ವ್ಯಾಪಾರಿಗೆ ಒಡಕು ಪಾತ್ರೆ, ತುಕ್ಕು ಹಿಡಿದ ಕಬ್ಬಿಣ, ಹಿಡಿ ಮುರಿದ ಸೌಟುಗಳ ರಾಶಿಯನ್ನು ತೂಕಕ್ಕೆ ಕೊಡುವುದರಲ್ಲಿ ತಪ್ಪೇನೂ ಇಲ್ಲ, ತಕ್ಕಡಿಯ ಬಳಿ ನಿಮ್ಮಲ್ಲೊಬ್ಬರು ನಿಂತಿರಬೇಕು ಅಷ್ಟೇ.